ಟ್ರೆಡ್‌ಮಿಲ್ ಕೆಟ್ಟರೆ ಯಾರನ್ನು ಕರೆಯೋದು? ನಾವೇ ಕೈ ಹಾಕೋದಾ, ಊರಿನ ಮೆಕ್ಯಾನಿಕ್ಕಾ, ಕಂಪನಿಯವರಾ?

ಕ್ಲಿನಿಕ್‌ನ ಟ್ರೆಡ್‌ಮಿಲ್ ನಿಂತ ದಿನ ಎಲ್ಲರೂ ಕೇಳುವುದು ಒಂದೇ ಮಾತು. ಯಾರನ್ನು ಕರೆಯೋಣ? ಕಂಪನಿಯ ಎಂಜಿನಿಯರ್ ಬೆಂಗಳೂರಿನಿಂದ ಬರಬೇಕು, ಅಷ್ಟರಲ್ಲಿ ನಾಲ್ಕು ದಿನ ಹೋಗುತ್ತದೆ. ಎದುರು ರಸ್ತೆಯಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಕ್ಲಿನಿಕ್‌ನ ಹುಡುಗ ಫೋನಿನಲ್ಲಿ ಒಂದು ವಿಡಿಯೋ ನೋಡಿ ಸ್ಕ್ರೂಡ್ರೈವರ್ ಹಿಡಿದುಕೊಂಡು ರೆಡಿ ಇದ್ದಾನೆ. ಹೊರಗೆ ಬೆಂಚಿನ ಮೇಲೆ ಪೇಷಂಟ್‌ಗಳು ಕೂತಿದ್ದಾರೆ.

ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಧಾರವಾಡ, ಗದಗ, ಹಾವೇರಿ ಕಡೆಯ ಆಸ್ಪತ್ರೆ ಮತ್ತು ಫಿಸಿಯೋಥೆರಪಿ ಕ್ಲಿನಿಕ್‌ಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಯಾವ ಭಾಗ ಕೆಟ್ಟಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಯಾರನ್ನೇ ಕರೆದರೂ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ರಿಪೇರಿ ಆದ ಮೇಲೆ ಸ್ಪೀಡು, ಏರು (ಬೆಲ್ಟ್ ಮುಂದೆ ಎಷ್ಟು ಎದ್ದಿದೆ ಅನ್ನುವುದು), ಅರ್ಥಿಂಗ್ ಅಳೆದು ತೋರಿಸುತ್ತೀರಾ? ಹೌದು ಅಂದವರಿಗೆ ಕೆಲಸ ಕೊಡಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ. "ಮಷಿನ್ ಚಾಲೂ ಆತಲ್ರಿ, ಇನ್ನೇನ್ ನೋಡೂದೈತಿ?" ಅನ್ನುವವರಿಗೆ ಕೊಡಬೇಡಿ.

ಅಳತೆಗೆ ಇಷ್ಟು ಒತ್ತು ಯಾಕೆ ಅಂದರೆ, ಇದು ಜಿಮ್ ಯಂತ್ರ ಅಲ್ಲ. ಜಿಮ್‌ನಲ್ಲಿ ಸ್ಪೀಡು ಅರ್ಧ ಕಿಲೋಮೀಟರ್ ಹೆಚ್ಚುಕಡಿಮೆ ಆದರೆ ಬೆವರು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಅಷ್ಟೇ. ಹೃದಯದ ಟಿಎಂಟಿ ಪರೀಕ್ಷೆಯಲ್ಲಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆಯಲ್ಲಿ, ಹಾಗಲ್ಲ. ಅಲ್ಲಿ ಜಾಸ್ತಿ ಬಳಸುವುದು ಬ್ರೂಸ್ ಪ್ರೋಟೋಕಾಲ್, ಅಮೆರಿಕದ ಡಾಕ್ಟರ್ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮ. ಮೊದಲ 3 ನಿಮಿಷ ಗಂಟೆಗೆ 2.7 ಕಿ.ಮೀ. ಸ್ಪೀಡು, 10 ಪರ್ಸೆಂಟ್ ಏರು. ಮುಂದಿನ 3 ನಿಮಿಷ 4 ಕಿ.ಮೀ., 12 ಪರ್ಸೆಂಟ್. ಆಮೇಲೆ 5.5 ಕಿ.ಮೀ., 14 ಪರ್ಸೆಂಟ್. ಹೀಗೆ ಮೇಲೆ ಹೋಗುತ್ತದೆ. ಪೇಷಂಟ್ ಎಷ್ಟು ಶ್ರಮ ತಡೆದುಕೊಂಡರು ಅನ್ನುವುದನ್ನು ಡಾಕ್ಟರ್ ಈ ಅಂಕಿಗಳ ಮೇಲೇ ಲೆಕ್ಕ ಹಾಕುತ್ತಾರೆ. ಈಗ ಏರಿಸುವ ಮೋಟರ್ ರಿಪೇರಿ ಆಯಿತು, ಸ್ಕ್ರೀನ್ ಮೇಲೆ 10 ಅಂತ ಬಂತು, ಆದರೆ ಯಂತ್ರ ನಿಜವಾಗಿ ಎದ್ದಿದ್ದು 7 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ನಡಿಗೆಯ ಶ್ರಮಕ್ಕೆ ಬಳಸುವ ಸೂತ್ರದಲ್ಲಿ ಹಾಕಿ ನೋಡಿದರೆ ಮೊದಲ ಹಂತದ ಶ್ರಮ ಸುಮಾರು 4.6 ಮೆಟ್ (ಸುಮ್ಮನೆ ಕೂತಾಗಿನ ಶ್ರಮ 1 ಮೆಟ್) ಇರಬೇಕಾದ್ದು 3.9ಕ್ಕೆ ಇಳಿಯುತ್ತದೆ. ರಿಪೋರ್ಟ್‌ನಲ್ಲಿ ಮಾತ್ರ 4.6 ಅಂತಲೇ ಅಚ್ಚಾಗುತ್ತದೆ. ಪೇಷಂಟ್‌ಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ. ಯಂತ್ರ ನಿಂತರೆ ಕಣ್ಣಿಗೆ ಕಾಣುತ್ತದೆ. ತಪ್ಪು ಅಳತೆಯಲ್ಲಿ ಓಡಿದರೆ ಯಾರಿಗೂ ಕಾಣುವುದಿಲ್ಲ. ನನಗೆ ಜಾಸ್ತಿ ಭಯ ಎರಡನೆಯದರದ್ದೇ.

ನಮ್ಮ ಕೈಯಲ್ಲೇ ಆಗುವ ಕೆಲಸ

ಬೆಲ್ಟ್ ಒಂದು ಕಡೆ ಸರಿಯುವುದು, ಬೆಲ್ಟ್ ಒಣಗಿ ಎಳೆದಂತಾಗುವುದು, ಧೂಳು. ನನಗೆ ಬರುವ ಕರೆಗಳಲ್ಲಿ ಬಹಳಷ್ಟು ಈ ಮೂರರಲ್ಲೇ ಮುಗಿಯುತ್ತವೆ. ಇವುಗಳಿಗೆ ಯಾರನ್ನೂ ಕರೆಯಬೇಕಿಲ್ಲ, ಕ್ಲಿನಿಕ್‌ನಲ್ಲಿ ಒಬ್ಬರು ಕಲಿತುಕೊಂಡರೆ ಸಾಕು.

ಬೆಲ್ಟ್ ಎಡಕ್ಕೆ ಸರಿದಿದ್ದರೆ ಹಿಂದಿನ ರೋಲರ್‌ನ ಎಡಗಡೆಯ ಬೋಲ್ಟನ್ನು ಬಿಗಿ ಮಾಡಬೇಕು, ಬಲಕ್ಕೆ ಸರಿದಿದ್ದರೆ ಬಲಗಡೆಯದ್ದು. ಅಲೆನ್ ಕೀ ಹಾಕಿ ಕಾಲು ಸುತ್ತು ಮಾತ್ರ. ಬೆಲ್ಟ್ ಮೇಲೆ ಯಾರೂ ಇಲ್ಲದೆ 4 ಕಿ.ಮೀ. ಸ್ಪೀಡಿನಲ್ಲಿ ಓಡಲು ಬಿಟ್ಟು ಒಂದೆರಡು ನಿಮಿಷ ಸುಮ್ನೆ ನೋಡಿ. ಬೆಲ್ಟ್ ನಿಧಾನಕ್ಕೆ ನಡುವಿಗೆ ಬರುತ್ತದೆ. ಬರದಿದ್ದರೆ ಇನ್ನೊಂದು ಕಾಲು ಸುತ್ತು. ಅವಸರಕ್ಕೆ ಬಿದ್ದು ಒಮ್ಮೆಗೇ ಎರಡು ಸುತ್ತು ತಿರುಗಿಸಿದವರ ಬೆಲ್ಟ್ ಇನ್ನೊಂದು ಅಂಚಿಗೆ ಹೋಗಿ ಉಜ್ಜಿ ಎಳೆ ಎಳೆಯಾಗಿದ್ದನ್ನು ನೋಡಿದ್ದೇನೆ. ಈ ಕೆಲಸ ಮಾಡುವಾಗ ಅಂಗಿಯ ತೋಳು, ದುಪಟ್ಟಾ, ಸೀರೆಯ ಸೆರಗು, ಕೊರಳಿನ ಐಡಿ ಕಾರ್ಡ್ ಯಾವುದೂ ರೋಲರ್ ಕಡೆಗೆ ಜೋತು ಬೀಳಬಾರದು. ಹಿಂದಿನ ರೋಲರ್ ಬೆರಳನ್ನು ಒಳಗೆ ಎಳೆದುಕೊಂಡರೆ ಬಿಡುವುದಿಲ್ಲ.

ಬಿಗಿ ಸರಿ ಇದೆಯಾ ನೋಡಲು ಪ್ಲಗ್ ತೆಗೆದು ಬೆಲ್ಟಿನ ಅಂಚನ್ನು ನಡುಭಾಗದಲ್ಲಿ ಕೈಯಿಂದ ಎತ್ತಿ. ಹೆಚ್ಚಿನ ಯಂತ್ರಗಳಲ್ಲಿ 5ರಿಂದ 7 ಸೆಂ.ಮೀ. ಎದ್ದರೆ ಸರಿ. ತಂತಿಯ ಹಾಗೆ ಬಿಗಿದಿದ್ದರೆ ರೋಲರ್‌ನ ಬೇರಿಂಗ್ ಬೇಗ ಹೋಗುತ್ತದೆ, ಮೋಟರ್ ಮೇಲೂ ಭಾರ.

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಕಬೇಕಾದ್ದು ಶುದ್ಧ ಸಿಲಿಕೋನ್ ಎಣ್ಣೆ. ಅದನ್ನು ಹಾಕುವುದು ಬೆಲ್ಟಿನ ಕೆಳಗೆ, ಹಲಗೆಯ ಮೇಲೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಅವು ಬೆಲ್ಟಿನ ಕೆಳಪದರವನ್ನು ಹಾಳು ಮಾಡುತ್ತವೆ, ಧೂಳು ಹಿಡಿದು ಅಂಟಿನ ಹಾಗಾಗುತ್ತವೆ. ಇನ್ನೊಂದು ಮಾತು, ಕೆಲವು ಯಂತ್ರಗಳ ಹಲಗೆಗೆ ಕಂಪನಿಯಲ್ಲೇ ಮೇಣ ಹಚ್ಚಿರುತ್ತಾರೆ. ಅವಕ್ಕೆ ಸಿಲಿಕೋನ್ ಹಾಕಲೇಬಾರದು. ಯಂತ್ರದ ಪುಸ್ತಕ ನೋಡಿ, ಪುಸ್ತಕ ಕಳೆದಿದ್ದರೆ ಮಾಡೆಲ್ ನಂಬರ್ ಹೇಳಿ ಕಂಪನಿಯವರನ್ನು ಫೋನಿನಲ್ಲಿ ಕೇಳಿ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಧೂಳು ನಮ್ಮ ಭಾಗದ ದೊಡ್ಡ ತಲೆನೋವು. ಗದಗ, ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಎಷ್ಟು ಸಣ್ಣಗಿರುತ್ತದೆ ಅಂದರೆ ಮುಚ್ಚಿದ ಕಿಟಕಿಯ ಸಂದಿಯಿಂದಲೂ ಬರುತ್ತದೆ. ಅದು ಬೆಲ್ಟಿನ ಕೆಳಗೆ ಹೋದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆ. ದಿನಾ ಸಂಜೆ ಒಣ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಯಂತ್ರದ ಕೆಳಗೂ ಸುತ್ತಲೂ ವ್ಯಾಕ್ಯೂಮ್ ಹಿಡಿಯಿರಿ. ಬ್ಲೋವರ್ ಬೇಡ. ಬ್ಲೋವರ್ ಹೊಡೆದರೆ ಧೂಳು ಹೊರಗೆ ಬರುವುದಕ್ಕಿಂತ ಮೋಟರ್ ಓಡಿಸುವ ಎಲೆಕ್ಟ್ರಾನಿಕ್ ಬೋರ್ಡಿನ ಒಳಗೆ ಹೋಗುವುದೇ ಜಾಸ್ತಿ.

ದಿನಾ ಬೆಳಿಗ್ಗೆ ಮಾಡಬೇಕಾದ ಒಂದು ಕೆಲಸ ಇದೆ, ಅರ್ಧ ನಿಮಿಷ ಸಾಕು. ಖಾಲಿ ಬೆಲ್ಟನ್ನು ನಿಧಾನಕ್ಕೆ ಓಡಿಸಿ, ಸೇಫ್ಟಿ ಕೀಯ (ನಡೆಯುವವರ ಬಟ್ಟೆಗೆ ಸಿಕ್ಕಿಸುವ, ಕಿತ್ತು ಬಂದರೆ ಯಂತ್ರ ನಿಲ್ಲಿಸುವ ಕೀ) ದಾರ ಎಳೆಯಿರಿ. ನಿಲ್ಲಬೇಕು. ಮತ್ತೆ ಓಡಿಸಿ, ಕೆಂಪು ಬಟನ್ ಒತ್ತಿ. ನಿಲ್ಲಬೇಕು. ಎರಡರಲ್ಲಿ ಒಂದು ಕೆಲಸ ಮಾಡದಿದ್ದರೂ ಆ ದಿನ ಯಾರನ್ನೂ ಹತ್ತಿಸಬೇಡಿ.

ಇಲ್ಲಿಗೆ ನಮ್ಮ ಗಡಿ ಮುಗಿಯಿತು. ಮೋಟರ್ ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದ ಕ್ಷಣದಿಂದ ಅದು ಬೇರೆ ಕೆಲಸ. ಯಾಕೆ ಅಂತ ನನ್ನದೇ ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಯಂತ್ರದ ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಬೋರ್ಡನ್ನು ಹೊರಗೆ ತೆಗೆಯಲು ಸ್ಕ್ರೂಡ್ರೈವರ್ ಇಟ್ಟೆ. ಫಟ್ ಅಂತ ಸದ್ದು, ನೀಲಿ ಕಿಡಿ, ಸ್ಕ್ರೂಡ್ರೈವರ್‌ನ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಲೋಹ ಕರಗಿ ಹೋಗಿತ್ತು. ಪ್ಲಗ್ ನನ್ನ ಕಾಲ ಹತ್ತಿರವೇ ಬಿದ್ದಿತ್ತು. ಕರೆಂಟ್ ಇದ್ದಿದ್ದು ಕೆಪಾಸಿಟರ್‌ನಲ್ಲಿ, ಅಂದರೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗದಲ್ಲಿ. ನಮ್ಮ 230 ವೋಲ್ಟ್ ಬೋರ್ಡಿನಲ್ಲಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಅದು ಒಳಗೆ ಉಳಿದಿರುತ್ತದೆ, ಬೋರ್ಡ್ ಕೆಟ್ಟಿದ್ದರೆ ತುಂಬಾ ಹೊತ್ತು ಉಳಿಯುತ್ತದೆ. ಅವತ್ತು ಸ್ಕ್ರೂಡ್ರೈವರ್ ಜಾಗದಲ್ಲಿ ನನ್ನ ಬೆರಳು ಇರಬಹುದಿತ್ತು. ಅಂದಿನಿಂದ ಮೀಟರ್ ಇಟ್ಟು ವೋಲ್ಟೇಜ್ ನೋಡದೆ ನಾನು ಯಾವ ಬೋರ್ಡನ್ನೂ ಮುಟ್ಟಿಲ್ಲ.

ಊರಿನ ಎಲೆಕ್ಟ್ರಿಷಿಯನ್, ರಿವೈಂಡಿಂಗ್ ಅಂಗಡಿ

ಇವರನ್ನು ಕಡಿಮೆ ಅಂದಾಜು ಮಾಡಬೇಡಿ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ವರ್ಕ್‌ಶಾಪ್‌ಗಳಲ್ಲಿ ಮೋಟರ್ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಆರ್ಮೇಚರ್ (ಮೋಟರಿನ ಒಳಗೆ ತಿರುಗುವ ಸುರುಳಿ) ಹೋಗಿದೆಯೋ ಹೇಳುವವರಿದ್ದಾರೆ. ಬೇರಿಂಗ್ ಬದಲಿಸುವುದು, ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು) ಹಾಕುವುದು, ರೋಲರ್ ಲೇತ್‌ಗೆ ಹಾಕಿ ಸರಿ ಮಾಡುವುದು, ಫ್ರೇಮ್ ವೆಲ್ಡಿಂಗ್, ಇವುಗಳಲ್ಲಿ ನನಗಿಂತ ಅವರ ಕೈ ಚೆನ್ನ. ಮೋಟರನ್ನು ಬಿಚ್ಚಿ ಅವರಲ್ಲಿಗೆ ಒಯ್ದು ಕೊಟ್ಟರೆ ಒಳ್ಳೆಯ ಕೆಲಸ ಆಗುತ್ತದೆ.

ಆದರೆ ಅವರು ದಿನಾ ನೋಡುವುದು ಪಂಪ್‌ಸೆಟ್, ಗಿರಣಿ, ಗ್ರೈಂಡರ್. ಅಲ್ಲಿ ಮೋಟರ್ ತಿರುಗಿದರೆ ಕೆಲಸ ಮುಗಿಯಿತು. ಇಲ್ಲಿ ಮೋಟರ್ ಮೇಲೆ ಬೈಪಾಸ್ ಆದವರು ನಡೆಯುತ್ತಾರೆ, ಪಾರ್ಶ್ವವಾಯು ಆದವರು ನಡೆಯುತ್ತಾರೆ.

ಗದಗ ಕಡೆಯ ಒಂದು ಕ್ಲಿನಿಕ್‌ಗೆ ಹೋಗಿದ್ದೆ. "ಸರ್ರ, ನಡುವ ನಡುವ ಬಂದ್ ಆಗ್ತಿತ್ರಿ, ಇಲ್ಲೇ ಒಬ್ಬರನ್ನ ಕರಿಸಿ ರಿಪೇರಿ ಮಾಡಿಸೇವ್ರಿ, ಈಗ ಬಂದ್ ಆಗೂದೇ ಇಲ್ರಿ" ಅಂದರು. ನೋಡಿದರೆ ಸೇಫ್ಟಿ ಕೀಯ ಮ್ಯಾಗ್ನೆಟ್ಟನ್ನು ಅದರ ಜಾಗದಲ್ಲೇ ಇಟ್ಟು ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ನಾಲ್ಕು ಪದರ ಸುತ್ತಿದ್ದರು. ದಾರ ಕತ್ತರಿಸಿ ಡ್ರಾವರ್‌ನಲ್ಲಿ ಹಾಕಿದ್ದರು. ಯಂತ್ರ ನಿಲ್ಲುತ್ತಿದ್ದುದಕ್ಕೆ ಕಾರಣ ಒಳಗಿನ ಸ್ವಿಚ್ ಸವೆದಿದ್ದು, ಅದನ್ನು ಬದಲಿಸುವುದು ಚಿಕ್ಕ ಕೆಲಸ. ಬದಲಿಸದೆ, ಪೇಷಂಟ್ ಬಿದ್ದರೂ ಬೆಲ್ಟ್ ಓಡುತ್ತಲೇ ಇರುವ ಹಾಗೆ ಮಾಡಿಟ್ಟಿದ್ದರು. ಆ ಪ್ಲಾಸ್ಟರ್ ಕೀಳುವಾಗ ನನ್ನ ಕೈ ನಡುಗುತ್ತಿತ್ತು. ದಿನಾ ಅದರ ಮೇಲೆ ಮೊಣಕಾಲು ಆಪರೇಶನ್ ಆದ ವಯಸ್ಸಾದವರು ನಡೆಯುತ್ತಿದ್ದರು.

ಇದೇ ರೀತಿ ಇನ್ನೊಂದು ಇದೆ. ಡಿಸಿ ಮೋಟರ್ ಇರುವ ಕೆಲವು ಯಂತ್ರಗಳ ಬೋರ್ಡಿನಲ್ಲಿ ಕರೆಂಟ್ ಲಿಮಿಟ್‌ಗೆ, ಅಂದರೆ ಮೋಟರ್ ಹೆಚ್ಚೆಂದರೆ ಎಷ್ಟು ಕರೆಂಟ್ ಎಳೆಯಬಹುದು ಅನ್ನುವುದಕ್ಕೆ, ಒಂದು ಪುಟ್ಟ ಸ್ಕ್ರೂ ಇರುತ್ತದೆ. ಬೆಲ್ಟ್ ಸವೆದು, ಹಲಗೆ ಒಣಗಿ ಎಳೆತ ಜಾಸ್ತಿಯಾದಾಗ ಬೋರ್ಡ್ ತಾನಾಗಿ ಬಂದ್ ಆಗುತ್ತದೆ, ಅದು ಮೋಟರನ್ನು ಉಳಿಸಿಕೊಳ್ಳಲು. ಗೊತ್ತಿಲ್ಲದವರು ಆ ಸ್ಕ್ರೂ ತಿರುಗಿಸಿ ಲಿಮಿಟ್ ಏರಿಸುತ್ತಾರೆ. ಒಂದೆರಡು ತಿಂಗಳು ಚೆನ್ನಾಗಿ ಓಡುತ್ತದೆ, ಆಮೇಲೆ ಮೋಟರ್ ಸುಟ್ಟ ವಾಸನೆ. ಬೆಲ್ಟಿನ ಖರ್ಚು ಉಳಿಸಲು ಹೋಗಿ ಮೋಟರ್, ಬೋರ್ಡ್ ಎರಡೂ ಹೋಗುತ್ತವೆ. ಸರಿಯಾದವರು ಮೊದಲು ಮಾಡುವುದು ಕ್ಲ್ಯಾಂಪ್ ಮೀಟರ್ ಹಾಕಿ, ಒಬ್ಬರನ್ನು ನಡೆಸಿ ಯಂತ್ರ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ನೋಡುವುದು. ಹೋದ ಸಲಕ್ಕಿಂತ ತುಂಬಾ ಜಾಸ್ತಿ ಇದ್ದರೆ ತಪ್ಪು ಬೆಲ್ಟ್ ಮತ್ತು ಹಲಗೆಯಲ್ಲಿದೆ, ಬೋರ್ಡಿನಲ್ಲಲ್ಲ. ಎಷ್ಟೋ ಹಲಗೆಗಳನ್ನು ತಿರುವಿ ಇನ್ನೊಂದು ಮುಖ ಮೇಲೆ ಮಾಡಿ ಹಾಕಬಹುದು, ಹೊಸದು ತರುವ ಮುಂಚೆ ಅದನ್ನು ಕೇಳಿ.

ಹಾಗಾಗಿ ನನ್ನ ಸಲಹೆ ಇದು. ಮೋಟರ್, ಬೇರಿಂಗ್, ಕಬ್ಬಿಣದ ಕೆಲಸ ಊರಿನವರಿಗೆ ಧೈರ್ಯವಾಗಿ ಕೊಡಿ. ಗೋಡೆಯ ಸಾಕೆಟ್, ಅರ್ಥಿಂಗ್ ಕೂಡ ಅವರಿಗೇ ಕೊಡಿ, ಅದು ಅವರ ಕೆಲಸವೇ. ಟ್ರೆಡ್‌ಮಿಲ್‌ಗೆ ಬೇರೆಯದೇ ಲೈನ್, 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಅರ್ಥ್ ಗುಂಡಿ ಒಣಗುತ್ತದೆ, ಅರ್ಥಿಂಗ್ ಸೋಲುತ್ತದೆ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟರೆ 2-3 ವೋಲ್ಟ್ ದಾಟಬಾರದು. ದಾಟಿದ್ದರೆ ಟ್ರೆಡ್‌ಮಿಲ್ ಬಿಚ್ಚುವ ಮುಂಚೆ ವೈರಿಂಗ್ ನೋಡಿಸಿ. ಟಿಎಂಟಿ ಮಾಡುವಾಗ ಇಸಿಜಿ ಗೆರೆ ನಡುಗಿದರೆ ಎಲ್ಲರೂ ಇಸಿಜಿ ಯಂತ್ರವನ್ನೇ ಬೈಯುತ್ತಾರೆ. ಎಷ್ಟೋ ಸಲ ಕಾರಣ ಈ ಅರ್ಥಿಂಗ್, ಇಲ್ಲವೇ ಬೆಲ್ಟ್ ಉಜ್ಜಿ ಹುಟ್ಟುವ ಸ್ಟ್ಯಾಟಿಕ್.

ಬೋರ್ಡ್: ರಿಪೇರಿಯಾ, ಹೊಸದಾ?

ಹೆಚ್ಚು ದುಡ್ಡು ಹೋಗುವ ಜಾಗ ಇದೇ, ಹೆಚ್ಚು ಅಪಾಯ ಇರುವುದೂ ಇಲ್ಲೇ. ಕಂಪನಿಯವರು ಬೋರ್ಡ್ ರಿಪೇರಿ ಮಾಡುವುದು ಕಡಿಮೆ, ಪೂರ್ತಿ ಹೊಸದು ಹಾಕುತ್ತಾರೆ. ಹೊರಗಡೆ ಬಿಡಿಭಾಗ ಬದಲಿಸಿ ಕೊಡುವವರಿದ್ದಾರೆ, ಖರ್ಚು ತುಂಬಾ ಕಡಿಮೆ. ಯಾವುದು ಸರಿ?

ಡಿಸಿ ಮೋಟರಿನ ಬೋರ್ಡಿನಲ್ಲಿ ಮೋಟರಿಗೆ ಕರೆಂಟನ್ನು ಅಳೆದು ಕೊಡುವ ಒಂದು ದೊಡ್ಡ ಟ್ರಾನ್ಸಿಸ್ಟರ್ ಇರುತ್ತದೆ. ಅದು ಕೆಟ್ಟಾಗ ಬಹಳ ಸಲ ಶಾರ್ಟ್ ಆಗುತ್ತದೆ. ಶಾರ್ಟ್ ಆದರೆ ಅಳತೆ ತಪ್ಪಿ ಪೂರ್ತಿ ವೋಲ್ಟೇಜ್ ಮೋಟರಿಗೆ ಹೋಗುತ್ತದೆ, ಬೆಲ್ಟ್ ಒಮ್ಮೆಗೇ ಫುಲ್ ಸ್ಪೀಡಿನಲ್ಲಿ ಓಡುತ್ತದೆ. ಇದನ್ನು ತಡೆಯಲು ಒಂದು ರಿಲೇ, ಅಂದರೆ ಮೋಟರಿನ ಕರೆಂಟ್ ಕತ್ತರಿಸುವ ಸ್ವಿಚ್, ಇಟ್ಟಿರುತ್ತಾರೆ. ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಒಮ್ಮೆಗೇ ಹರಿಯುವ ಹೆಚ್ಚಿನ ಕರೆಂಟಿಗೆ ಆ ರಿಲೇಯ ಕಾಂಟ್ಯಾಕ್ಟ್ ಕೂಡ ಅಂಟಿಕೊಂಡಿರಬಹುದು. ಬರೀ ಟ್ರಾನ್ಸಿಸ್ಟರ್ ಬದಲಿಸಿ ರಿಲೇ ನೋಡದೆ ಕೊಟ್ಟರೆ ಬೋರ್ಡ್ ಚೆನ್ನಾಗಿಯೇ ಓಡುತ್ತದೆ. ಮುಂದಿನ ಸಲ ಕೆಟ್ಟಾಗ ತಡೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಯಾವುದೇ ಟ್ರೆಡ್‌ಮಿಲ್ ಆನ್ ಮಾಡುವಾಗ ಬೆಲ್ಟ್ ಮೇಲೆ ನಿಲ್ಲಬೇಡಿ, ಪೇಷಂಟನ್ನೂ ನಿಲ್ಲಿಸಬೇಡಿ. ಎರಡು ಪಕ್ಕದ ಪಟ್ಟಿಯ ಮೇಲೆ ಕಾಲಿಟ್ಟು, ಬೆಲ್ಟ್ ನಿಧಾನಕ್ಕೆ ಚಲಿಸುವುದನ್ನು ಕಣ್ಣಾರೆ ನೋಡಿ, ಆಮೇಲೆ ಕಾಲು ಇಡಿ.

ಎಸಿ ಮೋಟರ್ ಮತ್ತು ಡ್ರೈವ್ (ಅದರ ಸ್ಪೀಡು ನಿಯಂತ್ರಿಸುವ ಘಟಕ) ಇರುವ ದೊಡ್ಡ ಯಂತ್ರಗಳಲ್ಲಿ ಇಂಥ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಮೋಟರ್ ಓಡಿಹೋಗುವುದಿಲ್ಲ, ನಿಂತುಹೋಗುತ್ತದೆ. ಬ್ರಷ್ ಇಲ್ಲ, ಕಾರ್ಬನ್ ಧೂಳಿಲ್ಲ. ಹೊಸದು ಕೊಳ್ಳುವವರು ಡಿಸಿ, ಎಸಿ ನಡುವೆ ಯೋಚಿಸುತ್ತಿದ್ದರೆ, ದಿನಕ್ಕೆ ಆರೇಳು ಟಿಎಂಟಿ ಮಾಡುವ ಜಾಗಕ್ಕೆ ನಾನು ಎಸಿ ಅಂತಲೇ ಹೇಳುತ್ತೇನೆ. ದಿನಕ್ಕೆ ಇಬ್ಬರು ಮೂವರು ನಿಧಾನಕ್ಕೆ ನಡೆಯುವ ಫಿಸಿಯೋ ಕ್ಲಿನಿಕ್‌ಗೆ ಡಿಸಿ ಸಾಕು, ಬ್ರಷ್ ಸವೆತ ನೋಡಿಕೊಳ್ಳುತ್ತಿದ್ದರೆ ಆಯಿತು.

ಬೋರ್ಡಿನ ಪ್ರಶ್ನೆಗೆ ನನ್ನ ತೀರ್ಮಾನ: ಸ್ಕ್ರೀನ್, ಬಟನ್, ಡಿಸ್‌ಪ್ಲೇ ಕಡೆಯ ಬೋರ್ಡ್ ಹೊರಗೆ ರಿಪೇರಿ ಮಾಡಿಸಬಹುದು. ಮೋಟರ್ ಓಡಿಸುವ ಬೋರ್ಡ್ ಕೆಟ್ಟರೆ, ಹೃದಯದ ಪೇಷಂಟ್‌ಗಳು ಹತ್ತುವ ಯಂತ್ರಕ್ಕೆ ಹೊಸದೇ ಹಾಕಿಸಿ. ಅದೇ ಮಾಡೆಲ್‌ನ ಬೋರ್ಡ್ ಈಗ ಬರುವುದೇ ಇಲ್ಲ ಅಂದಾಗ ಮಾತ್ರ ರಿಪೇರಿ. ಅದೂ ರಿಲೇ ಬದಲಿಸಿದ್ದೇವೆ, ಲೋಡ್ ಹಾಕಿ ನೋಡಿದ್ದೇವೆ ಅಂತ ಬರೆದು ಕೊಡುವವರ ಹತ್ತಿರ.

ಕಂಪನಿ ಎಂಜಿನಿಯರ್, ಹೊರಗಿನ ಬಯೋಮೆಡಿಕಲ್ ಎಂಜಿನಿಯರ್

ಕಂಪನಿಯವರ ಹತ್ತಿರ ಅಸಲಿ ಪಾರ್ಟ್ ಇರುತ್ತದೆ, ಯಂತ್ರದ ಒಳಗಿನ ಸರ್ವಿಸ್ ಮೆನುವಿನ ಪಾಸ್‌ವರ್ಡ್ ಇರುತ್ತದೆ, ಕ್ಯಾಲಿಬ್ರೇಶನ್ (ಸ್ಕ್ರೀನಿನ ಅಂಕಿಯನ್ನು ನಿಜವಾದ ಅಳತೆಗೆ ಹೊಂದಿಸುವುದು) ಅವರಿಗೆ ಸಲೀಸು. ಹೊರಗಿನ ಬಯೋಮೆಡಿಕಲ್ ಎಂಜಿನಿಯರ್, ಅಂದರೆ ವೈದ್ಯಕೀಯ ಯಂತ್ರಗಳ ಕೆಲಸದವರು, ಬೇಗ ಬರುತ್ತಾರೆ, ಕಡಿಮೆ ತೆಗೆದುಕೊಳ್ಳುತ್ತಾರೆ, ಎಲ್ಲಾ ಕಂಪನಿಯ ಯಂತ್ರವನ್ನೂ ನೋಡುತ್ತಾರೆ. ನಾನು ಹೊರಗಿನವನೇ, ಆದರೂ ಹೇಳುತ್ತೇನೆ, ವಾರಂಟಿ ಇರುವಷ್ಟು ದಿನ ನಮ್ಮಂಥವರನ್ನು ಮುಚ್ಚಳ ಬಿಚ್ಚಲು ಬಿಡಬೇಡಿ.

ವಾರಂಟಿ ಮುಗಿದ ಮೇಲೆ ಕಂಪನಿಯವರು ಎರಡು ಕರಾರು ಮುಂದಿಡುತ್ತಾರೆ, ಎಎಂಸಿ ಮತ್ತು ಸಿಎಂಸಿ. ಎಎಂಸಿಯಲ್ಲಿ ಬಂದು ನೋಡುವ ಕೂಲಿ ಮಾತ್ರ ಸೇರಿರುತ್ತದೆ, ಪಾರ್ಟ್‌ಗೆ ಬೇರೆ ದುಡ್ಡು. ಸಿಎಂಸಿಯಲ್ಲಿ ಪಾರ್ಟ್ ಕೂಡ ಸೇರಿರುತ್ತದೆ. ಹೆಸರು ಕೇಳಿ ಸಹಿ ಹಾಕಬೇಡಿ, ಕರಾರಿನ ಕೊನೆಯ ಪುಟ ಓದಿ. ಸಿಎಂಸಿ ಅಂದರೂ ಬೆಲ್ಟ್, ಹಲಗೆ, ಕಾರ್ಬನ್ ಬ್ರಷ್ ಸವೆಯುವ ವಸ್ತು ಅಂತ ಹೊರಗಿಟ್ಟಿರುವುದು ಉಂಟು, ಟ್ರೆಡ್‌ಮಿಲ್‌ನಲ್ಲಿ ಕೆಡುವುದೇ ಜಾಸ್ತಿ ಅವು ಅಲ್ವಾ? ಇಲಿ ವೈರ್ ಕಡಿದರೆ, ಸಿಡಿಲು ಬಡಿದರೆ, ವೋಲ್ಟೇಜ್ ಏರಿದರೆ ಯಾರ ಖರ್ಚು ಅಂತಲೂ ನೋಡಿ. ರಾಣೆಬೆನ್ನೂರಿನ ಹತ್ತಿರ ಒಂದು ಯಂತ್ರದ ಸ್ಪೀಡ್ ಸೆನ್ಸರ್ ವೈರನ್ನು ಇಲಿ ಕಡಿದಿತ್ತು. ಬೆಲ್ಟ್ ಜೋರಾಗಿ ಹೊರಟು ಎರಡೇ ಸೆಕೆಂಡಿಗೆ ನಿಲ್ಲುತ್ತಿತ್ತು, ಯಾಕೆಂದರೆ ಎಷ್ಟು ಸ್ಪೀಡ್ ಓಡುತ್ತಿದ್ದೇನೆ ಅನ್ನುವುದೇ ಬೋರ್ಡಿಗೆ ಗೊತ್ತಾಗುತ್ತಿರಲಿಲ್ಲ. ಕರಾರಿನಲ್ಲಿ ಇಲಿಯ ಮಾತು ಇರಲಿಲ್ಲ, ದುಡ್ಡು ಕ್ಲಿನಿಕ್‌ನವರೇ ಕೊಟ್ಟರು.

ಯಂತ್ರ ಹೊಸದಿದ್ದು ಬಳಕೆ ಜಾಸ್ತಿ ಇದ್ದರೆ ಸಿಎಂಸಿ. ಬಳಕೆ ಕಡಿಮೆ ಇದ್ದರೆ, ಅಥವಾ ಬೆಲ್ಟ್ ಮತ್ತು ಹಲಗೆ ಈಗಷ್ಟೇ ಬದಲಿಸಿದ್ದರೆ, ಕರಾರು ಬೇಡ. ವರ್ಷಕ್ಕೆ ಎರಡು ಸಲ ಹೊರಗಿನ ಬಯೋಮೆಡಿಕಲ್ ಎಂಜಿನಿಯರ್‌ನನ್ನು ಕರೆಸಿ ಅಳೆಸಿದರೆ ಸಾಕು.

ಅಳೆಯೋದು ಹೇಗೆ?

ರಿಪೇರಿಗೆ ಬಂದವರು ಹೋಗುವ ಮುಂಚೆ ನಿಮ್ಮ ಕಣ್ಣೆದುರು ಇದನ್ನು ಮಾಡಿಸಿ. ಕೆಲವನ್ನು ನೀವೇ ಮಾಡಬಹುದು.

ಸ್ಪೀಡಿಗೆ ಒಂದು ತುಂಡು ಬಿಳಿ ಟೇಪ್ ಮತ್ತು ಫೋನಿನ ಸ್ಟಾಪ್‌ವಾಚ್ ಸಾಕು. ಪ್ಲಗ್ ತೆಗೆದು ಬೆಲ್ಟಿನ ಒಟ್ಟು ಉದ್ದ ಅಳೆಯಿರಿ, ಬೆಲ್ಟನ್ನು ಕೈಯಿಂದ ಸರಿಸುತ್ತಾ ಟೇಪಿನ ಗುರುತಿನಿಂದ ಗುರುತಿಗೆ. 3.4 ಮೀಟರ್ ಬಂತು ಅಂತ ಇಟ್ಟುಕೊಳ್ಳಿ. 20 ಸುತ್ತಿಗೆ 68 ಮೀಟರ್. ಗಂಟೆಗೆ 4 ಕಿ.ಮೀ.ಗೆ ಇಟ್ಟರೆ ಈ 20 ಸುತ್ತು 61 ಸೆಕೆಂಡಿನ ಆಸುಪಾಸು ಮುಗಿಯಬೇಕು. 66 ಸೆಕೆಂಡ್ ಹಿಡಿದರೆ ನಿಜವಾದ ಸ್ಪೀಡು 3.7, ಅಂದರೆ 7 ಪರ್ಸೆಂಟ್ ಕಡಿಮೆ. ಇದನ್ನು ಒಬ್ಬರು ಬೆಲ್ಟ್ ಮೇಲೆ ನಡೆಯುತ್ತಿರುವಾಗಲೇ ಮಾಡಬೇಕು, ಆರೋಗ್ಯವಾಗಿರುವ ಸಿಬ್ಬಂದಿ ಯಾರಾದರೂ ಆಗಬಹುದು. ಖಾಲಿ ಬೆಲ್ಟ್ ಸರಿಯಾಗಿ ಓಡುತ್ತದೆ, ಮೈಭಾರ ಬಿದ್ದಾಗ ಪ್ರತಿ ಹೆಜ್ಜೆಗೂ ತಡೆಯುತ್ತದೆ. ಆ ತಡೆ ಕಾಲಿಗೆ ಗೊತ್ತಾಗುತ್ತದೆ, ಖಾಲಿ ಓಡಿಸಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಏರಿಗೆ 1 ಮೀಟರ್ ಉದ್ದದ ಗೌಂಡಿ ಲೆವೆಲ್ ಪಟ್ಟಿ ತನ್ನಿ. ಸ್ಕ್ರೀನಿನಲ್ಲಿ 10 ಇಟ್ಟು, ಬೆಲ್ಟ್ ನಿಲ್ಲಿಸಿ, ಪಟ್ಟಿಯ ಒಂದು ತುದಿಯನ್ನು ಬೆಲ್ಟಿನ ಮುಂಭಾಗಕ್ಕೆ ತಾಗಿಸಿ ಇನ್ನೊಂದು ತುದಿಯನ್ನು ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ. ಆ ತುದಿಗೂ ಬೆಲ್ಟಿಗೂ ನಡುವೆ 10 ಸೆಂ.ಮೀ. ಇದ್ದರೆ 10 ಪರ್ಸೆಂಟ್. ಪ್ರತಿ ಸೆಂಟಿಮೀಟರಿಗೆ ಒಂದು ಪರ್ಸೆಂಟ್, ಅಷ್ಟು ಸುಲಭ. ಮೊದಲು ಸೊನ್ನೆಯಲ್ಲೂ ಅಳೆಯಿರಿ, ಯಾಕೆಂದರೆ ಎಷ್ಟೋ ಹಳೆಯ ಕಟ್ಟಡಗಳಲ್ಲಿ ನೆಲವೇ ನೀರು ಹೋಗಲಿ ಅಂತ ಇಳಿಜಾರಾಗಿರುತ್ತದೆ. ಏರಿಸಿದ ಯಂತ್ರದ ಕೆಳಗೆ ಯಾರೂ ಕೈ ಹಾಕಬಾರದು. ಕೆಳಗೆ ಕೆಲಸ ಇದ್ದರೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಪ್ಲಗ್ ತೆಗೆದು, ಆ ಪ್ಲಗ್ ಕಣ್ಣೆದುರು ಇರುವ ಹಾಗೆ ನೋಡಿಕೊಂಡು ಮಾಡಬೇಕು.

ಲೀಕೇಜ್ (ಯಂತ್ರದ ಮೈಗೆ ಸೋರುವ ಕರೆಂಟ್) ಮತ್ತು ಅರ್ಥ್ ಅಳೆಯಲು ಮಾತ್ರ ಸಾಮಾನ್ಯ ಮೀಟರ್ ಸಾಲದು, ಎಲೆಕ್ಟ್ರಿಕಲ್ ಸೇಫ್ಟಿ ಅನಲೈಜರ್ ಬೇಕು. ರಿಪೇರಿ ಆದ ವೈದ್ಯಕೀಯ ಯಂತ್ರವನ್ನು ಹೇಗೆ ಪರೀಕ್ಷಿಸಬೇಕು ಅಂತ ಐಇಸಿ 62353 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರ ಪ್ರಕಾರ ಪ್ಲಗ್‌ನ ಅರ್ಥ್ ಪಿನ್ನಿನಿಂದ ಯಂತ್ರದ ಲೋಹದ ಮೈಗೆ 0.3 ಓಮ್ ಮೀರಬಾರದು. ಬಂದವರ ಬ್ಯಾಗಿನಲ್ಲಿ ಈ ಅನಲೈಜರ್ ಇದೆಯಾ ಅಂತ ಕರೆಯುವ ಮುಂಚೆಯೇ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಅವರು ವೈದ್ಯಕೀಯ ಯಂತ್ರದ ಕೆಲಸದವರೋ ಅಲ್ಲವೋ ತಿಳಿಯುತ್ತದೆ.

ಕೊನೆಗೆ ಏರಿನಲ್ಲಿ ನಿಲ್ಲಿಸಿದಾಗ ಏನಾಗುತ್ತದೆ ನೋಡಿ. 10 ಪರ್ಸೆಂಟ್ ಏರಿಸಿ, ಮೇನ್ ಸ್ವಿಚ್ ಆಫ್ ಮಾಡಿ, ಒಬ್ಬರು ಪಕ್ಕದ ಕಂಬಿ ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ಬೆಲ್ಟ್ ಮೇಲೆ ಕಾಲಿಡಲಿ. ಕೆಲವು ಯಂತ್ರಗಳಲ್ಲಿ ಕರೆಂಟ್ ಇಲ್ಲದಾಗ ಮೈಭಾರಕ್ಕೇ ಬೆಲ್ಟ್ ಹಿಂದಕ್ಕೆ ಜಾರುತ್ತದೆ. ಪರೀಕ್ಷೆ ನಡೆಯುವಾಗ ಲೈಟ್ ಹೋದರೆ ಪೇಷಂಟ್ ಬೀಳುವುದು ಹೀಗೆ. ನಿಮ್ಮ ಯಂತ್ರ ಜಾರುವ ಜಾತಿಯದ್ದಾದರೆ ಪೇಷಂಟ್ ಹಿಂದೆ ಒಬ್ಬರು ನಿಂತಿರಲೇಬೇಕು.

ಹಳೆಯದನ್ನು ಉಳಿಸಿಕೊಳ್ಳೋದಾ, ಹೊಸದಾ?

ರಿಪೇರಿಯ ಅಂದಾಜು ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ ಕೈ ಬಿಡಿ. ಕಂಪನಿ ಆ ಮಾಡೆಲ್‌ನ ಪಾರ್ಟ್ ನಿಲ್ಲಿಸಿದ್ದರೂ ಅಷ್ಟೇ. ಆದರೆ ಹೊಸದು ದುಬಾರಿ ಅಂತ ಜಿಮ್ ಯಂತ್ರ ತಂದು ಹಾಕುವುದನ್ನು ನಾನು ಒಪ್ಪುವುದಿಲ್ಲ. ಜಿಮ್‌ನದ್ದು ಎಷ್ಟೋ ಸಲ ಗಂಟೆಗೆ 1 ಕಿ.ಮೀ.ಗಿಂತ ಕಡಿಮೆ ಸ್ಪೀಡಿನಲ್ಲಿ ಹೊರಡುವುದೇ ಇಲ್ಲ. ಪಾರ್ಶ್ವವಾಯು ಆದವರಿಗೆ ಆ 1 ಕಿ.ಮೀ. ಕೂಡ ಓಟವೇ. ಕಂಬಿ ಗಿಡ್ಡ, ಹಿಡಿತ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ವೈದ್ಯಕೀಯ ಯಂತ್ರ ಅದಕ್ಕಿಂತ ಎಷ್ಟೋ ಮೇಲು. ತರುವ ಮುಂಚೆ ಅಲ್ಲೇ ಟೇಪ್ ಹಚ್ಚಿ 20 ಸುತ್ತು ಎಣಿಸಿ, ಲೆವೆಲ್ ಪಟ್ಟಿ ಇಟ್ಟು ನೋಡಿ, ಬೆಲ್ಟನ್ನು ಎತ್ತಿ ಹಲಗೆಯ ನಡುವೆ ಕೈಯಾಡಿಸಿ. ನುಣುಪಾಗಿರಬೇಕು, ಗೀರು ಅಥವಾ ಸುಟ್ಟ ಕಂದು ಗುರುತು ಇರಬಾರದು.

ಯಾರನ್ನೇ ಕರೆಯಲಿ, ಫೋನ್ ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಮಾಡೆಲ್ ನಂಬರ್ ಇರುವ ಸ್ಟಿಕ್ಕರ್‌ನ ಫೋಟೋ, ಸ್ಕ್ರೀನ್ ಮೇಲೆ ಬಂದ ಎರರ್ ಕೋಡ್, ಖಾಲಿ ಓಡಿಸಿದಾಗ ಆಗುತ್ತದೋ ಮೈಭಾರ ಬಿದ್ದಾಗ ಮಾತ್ರ ಆಗುತ್ತದೋ, ಮತ್ತು ಸದ್ದು ಮುಂದಿನಿಂದ ಬರುತ್ತದೋ ಹಿಂದಿನಿಂದಲೋ. ಹತ್ತು ಸೆಕೆಂಡಿನ ವಿಡಿಯೋ ಕಳಿಸಿದರೆ ಇನ್ನೂ ಒಳ್ಳೆಯದು. ಮೊನ್ನೆ ಹಾವೇರಿಯಿಂದ ಒಬ್ಬರು ಕಳಿಸಿದ ವಿಡಿಯೋದಲ್ಲಿ ಹಿಂದಿನ ರೋಲರ್‌ನ ಟಕ್ ಟಕ್ ಸದ್ದು ಸ್ಪಷ್ಟವಾಗಿ ಕೇಳಿಸಿತು. ಬೇರಿಂಗ್ ಜೊತೆಗೇ ತೆಗೆದುಕೊಂಡು ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬೇರಿಂಗ್ ಹಾಕಿ, ಸ್ಪೀಡು ಏರು ಎರಡೂ ಅಳೆದು, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಕಂಬಿಗೆ ಅಂಟಿಸಿ ಬಂದೆ.